ಆ ಬ್ರೇಕು ಸರಿಯಾಗಿತ್ತು

ಸಂಜೆ ಐದೂಕಾಲಿಗೆ ನಾನು ಮಳವಳ್ಳಿಯಿಂದ ಮದ್ದೂರಿಗೆ ಬರುವ ರಸ್ತೆಯಲ್ಲಿ, ಮಳವಳ್ಳಿ ಬಿಟ್ಟು ಸುಮಾರು ಐದು ಮೈಲಿ ಬಂದ ಮೇಲೆ ಸಿಗುವ ಇಳಿಜಾರಿನ ಬುಡದಲ್ಲಿ, ಕೆಂಪಯ್ಯನ ಟೀ ಅಂಗಡಿಯ ಮುಂದೆ ನಿಂತಿದ್ದೆ. ಅಂದು ಗುರುವಾರ. ನನ್ನ ನಿವೃತ್ತಿಗೆ ಇಪ್ಪತ್ತಮೂರು ದಿನ ಬಾಕಿ ಇತ್ತು. ಮುಖ ಇಳಿಜಾರಿನ ಕಡೆಗಿತ್ತು. ಸೂರ್ಯ ಬಲಗಡೆಗಿದ್ದುದರಿಂದ ಬಿಸಿಲು ಕಣ್ಣಿಗೆ ಹೊಡೆಯುತ್ತಿರಲಿಲ್ಲ. ನನಗೂ ಎದುರಿನ ಮೋರಿಗೂ ನಡುವೆ ಮೂವತ್ತೊಂದು ಹೆಜ್ಜೆ. ಇದನ್ನು ಆಮೇಲೆ ಎರಡು ಸಲ ನಡೆದು ಅಳೆದಿದ್ದೇನೆ.

ಇಷ್ಟು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಅಂದು ಅಲ್ಲಿ ನಡೆದ ಅಪಘಾತದ ಬಗ್ಗೆ ನಮ್ಮ ಇಲಾಖೆಯ ಕಡತದಲ್ಲಿ ಎರಡು ಮಾತುಗಳಿವೆ. ಹೊಸ ಕಾರಿನ ಬ್ರೇಕು ಫೇಲಾಯಿತು ಎನ್ನುವುದು ಒಂದು. ಹಾಲಿನ ಕ್ಯಾನು ಹಿಡಿದಿದ್ದ ಜಯಮ್ಮ ಎಂಬ ಹೆಂಗಸು ಇದ್ದಕ್ಕಿದ್ದಂತೆ ಕಾರಿಗೆ ಅಡ್ಡ ಬಂದಳು ಎನ್ನುವುದು ಇನ್ನೊಂದು. ಎರಡೂ ಸುಳ್ಳು. ಮೊದಲನೆಯ ಸುಳ್ಳಿನಿಂದ ಕಬ್ಬಿಣಕ್ಕೆ ಕೆಟ್ಟ ಹೆಸರು ಬಂತು, ಅದು ಹೇಗೋ ತಡೆದುಕೊಳ್ಳುತ್ತದೆ. ಎರಡನೆಯದನ್ನು ಜಯಮ್ಮ ಇವತ್ತಿಗೂ ಹೊತ್ತುಕೊಂಡು ಕುಂಟುತ್ತಿದ್ದಾಳೆ.

ನಾನು ಮದ್ದೂರಿನ ಹತ್ತಿರದ ಕೊಪ್ಪದವನು. ಮಂಡ್ಯದಲ್ಲಿ ಒಂದು ಸರ್ಕಾರಿ ಇಲಾಖೆಯ ವಾಹನ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ಯಾವ ವರ್ಷ ಯಾವ ದರ್ಜೆಗೆ ಏರಿದೆ ಎಂಬುದರಲ್ಲಿ ನಿಮಗೆ ಕಲಿಯುವಂಥದ್ದು ಏನೂ ಇಲ್ಲ.

ನಾನು ಸೇರಿದಾಗ ಶೆಡ್ಡಿನಲ್ಲಿ ಇದ್ದದ್ದೆಲ್ಲ ಅಂಬಾಸಿಡರ್‌ಗಳು. ಕೆಲಸ ಕಲಿಸಿದವರು ಬಾಷಾ ಮೇಸ್ತ್ರಿ. ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ವೈದ್ಯರು ಎದೆ ಕೇಳುವ ಹಾಗೆ ಕೇಳುತ್ತಿದ್ದರು. ಒಂದು ಸಲ ನಾನು ಕೇಳಿ ನೋಡಿ, “ಏನೂ ಕೇಳುಸ್ತಿಲ್ಲ ಮೇಸ್ತ್ರಿ” ಎಂದೆ. “ಎಂಜಿನ್ ಆನ್ ಮಾಡ್ಲಾ ಮೊದ್ಲು” ಎಂದರು. ಶೆಡ್ಡಿನಲ್ಲಿದ್ದವರು ಆ ಮಾತನ್ನು ಮೂರು ತಿಂಗಳು ಬಿಡಲಿಲ್ಲ.

ಹಳೆಯದೇ ಚಿನ್ನ ಎನ್ನುವವರು ಆ ಗಾಡಿಯ ಕೆಳಗೆ ಮಲಗಿದವರಲ್ಲ. ಬೇಸಿಗೆಯಲ್ಲಿ ಪೆಟ್ರೋಲ್ ಪಂಪು ಕಾದು ಗಾಡಿ ನಡುದಾರಿಯಲ್ಲಿ ನಿಂತರೆ ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಕಾಯಬೇಕಿತ್ತು. ಟ್ಯಾಂಕು ಸೋರಿದರೆ ಬಟ್ಟೆ ಸೋಪನ್ನು ನಾದಿ ಮೆತ್ತುತ್ತಿದ್ದೆವು. ನಾವು ಇದನ್ನು ಜಾಣತನ ಎಂದು ಹೇಳಿಕೊಂಡು ತಿರುಗುತ್ತಿದ್ದೆವು. ಜಾಣತನವಲ್ಲ, ಬೇರೆ ದಾರಿ ಇರಲಿಲ್ಲ, ಅಷ್ಟೆ. ಆದರೆ ಒಂದು ಮಾತು ನಿಜ. ಆ ಗಾಡಿಯಲ್ಲಿ ಏನು ಕೆಟ್ಟಿದೆಯೋ ಅದು ಕಣ್ಣಿಗೆ ಕಾಣುತ್ತಿತ್ತು, ಕೈಗೆ ಸಿಗುತ್ತಿತ್ತು.

ಕೊಕ್ಕರೆ ಬೆಳ್ಳೂರಿನಲ್ಲಿ ಆದದ್ದನ್ನು ಹೇಳುತ್ತೇನೆ. ಹೊರಗಿನಿಂದ ಬಂದಿದ್ದ ಅಧಿಕಾರಿಗಳಿಗೆ ಹಕ್ಕಿಗಳನ್ನು ತೋರಿಸಲು ಹೋಗಿದ್ದೆವು. ಗೂಡಿನಲ್ಲಿ ಮರಿಗಳಿದ್ದ ಕಾಲ. ಹುಣಸೆ ಮರದ ಕೆಳಗೆ ಗಾಡಿ ನಿಂತ ತಕ್ಷಣ ಹಾರ್ನು ತನ್ನಷ್ಟಕ್ಕೆ ಕೂಗಲು ಶುರುವಾಯಿತು. ಹಿಂದಿನ ದಿನ ಆ ವೈರನ್ನು ಜೋಡಿಸಿದ್ದವನು ನಾನೇ, ಸರಿಯಾಗಿ ಟೇಪು ಸುತ್ತಿರಲಿಲ್ಲ. ಎದುರಿನ ಮನೆಯಿಂದ ಒಬ್ಬ ಅಜ್ಜಿ ಮೊರ ಹಿಡಿದುಕೊಂಡೇ ಓಡಿ ಬಂದಳು.

“ಏಯ್, ನಿಲ್ಸ್ಲಾ ಅದ್ನ! ಮರಿ ಕೆಳುಕ್ ಬಿದ್ರೆ ನಿಮ್ಮಪ್ಪ ಬಂದು ಗೂಡ್ಗೆ ಮಡಗ್ತಾನಾ?”

ಬಾನೆಟ್ ಎತ್ತಿ ವೈರನ್ನು ಕೈಯಿಂದಲೇ ಕಿತ್ತೆ. ಸದ್ದು ನಿಂತಿತು. ಅಜ್ಜಿ ಮರವನ್ನೆಲ್ಲ ನೋಡಿ, ಏನೂ ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು, ನನ್ನ ಕಡೆ ತಿರುಗಿ, “ಅಧಿಕಾರಿ ಗಾಡಿ ಅಂದ್ರೆ ಅರ್ಚ್ಕತಾನೇ ಬರ್ಬೇಕಾ?” ಎಂದಳು. ಅಧಿಕಾರಿಗಳು ನಕ್ಕರು. ನಾನು ನಗಲಿಲ್ಲ.

ಇನ್ನು ಬೋರ್ಡಿನ ವಿಷಯ. ಇದೇ ಮುಖ್ಯವಾದದ್ದು.

ನಮ್ಮ ಶೆಡ್ಡಿನ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಇತ್ತು. ಯಾವ ಡ್ರೈವರಿನ ಗಾಡಿ ಲೀಟರಿಗೆ ಎಷ್ಟು ಕಿಲೋಮೀಟರು ಕೊಟ್ಟಿತು ಎಂದು ತಿಂಗಳು ತಿಂಗಳೂ ಅದರ ಮೇಲೆ ಬರೆಯುತ್ತಿದ್ದರು. ಬಹುಮಾನವೇನೂ ಇರಲಿಲ್ಲ. ಹೆಸರು ಮೇಲೆ ಬಂದರೆ ಮರ್ಯಾದೆ, ಕೆಳಗೆ ಬಂದರೆ ಊಟದ ಹೊತ್ತಿನಲ್ಲಿ ಗೇಲಿ. ಮೇಲೆ ಬರುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಬೆಳೆಯಿತು. ಇಳಿಜಾರಿನ ನೆತ್ತಿಗೆ ಬಂದ ಕೂಡಲೇ ಗೇರನ್ನು ನ್ಯೂಟ್ರಲ್ ಮಾಡಿ, ಕೀ ತಿರುಗಿಸಿ ಎಂಜಿನ್ ಆಫ್ ಮಾಡುವುದು. ಗಾಡಿ ತನ್ನ ಭಾರಕ್ಕೇ ಉರುಳಿಕೊಂಡು ಇಳಿಯುತ್ತದೆ. ಇದಕ್ಕೆ ನಾವು ‘ಗಾಳಿ ಮೇಲೆ ಬಿಡೋದು’ ಎನ್ನುತ್ತಿದ್ದೆವು. ಅದು ಅಪಾಯ ಎಂದು ಆಗಲೂ ಗೊತ್ತಿತ್ತು. ಆದರೆ ಶೆಡ್ಡಿನಲ್ಲಿದ್ದ ಹಳೆಯ ಗಾಡಿಗಳ ಸ್ಟೇರಿಂಗು, ಬ್ರೇಕು ಎರಡೂ ನಡೆಯುತ್ತಿದ್ದದ್ದು ಡ್ರೈವರಿನ ಕೈಕಾಲಿನ ಬಲದಿಂದ. ಎಂಜಿನ್ ಓಡುತ್ತಿರಲಿ, ನಿಂತಿರಲಿ, ಅವಕ್ಕೆ ವ್ಯತ್ಯಾಸವಿರಲಿಲ್ಲ. ಬ್ರೇಕನ್ನು ಒಂದೇ ಸಲ ಒತ್ತಿದರೆ ಅಷ್ಟಾಗಿ ಹಿಡಿಯುತ್ತಿರಲಿಲ್ಲ, ಎರಡು ಮೂರು ಸಲ ಒತ್ತಿ ಬಿಟ್ಟು ಮಾಡಬೇಕಿತ್ತು.

ಪುಟ್ಟರಾಜು ಡ್ರೈವರಾಗಿ ಸೇರಿದಾಗ ಈ ಎರಡನ್ನೂ ಅವನಿಗೆ ಕಲಿಸಿದವನು ನಾನು. ಪಕ್ಕದ ಸೀಟಿನಲ್ಲಿ ಕುಳಿತು, “ಈಗ ಆಫ್ ಮಾಡು, ಗಾಳಿ ಮೇಲೆ ಬುಡು, ಬ್ರೇಕು ಪಂಪ್ ಮಾಡು” ಎಂದು ಹೇಳಿಕೊಟ್ಟೆ. ಒಳ್ಳೆಯ ಕೈ ಅವನದು. ಹಲಗೆಯ ಮೇಲೆ ಆರು ವರ್ಷ ಅವನ ಹೆಸರೇ ಮೊದಲು.

ಹೊಸ ಸೆಡಾನ್ ಬಂದದ್ದು ನನ್ನ ಕೊನೆಯ ವರ್ಷದಲ್ಲಿ. ಬೆಳ್ಳಗೆ, ತಗ್ಗಾಗಿ, ಬಾನೆಟ್ ಎತ್ತಿದರೆ ಒಳಗೆ ಬರೀ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಮೊದಲನೆಯ ದಿನ ಕೀ ತಿರುಗಿಸಿದರೆ ಸ್ಟಾರ್ಟೇ ಆಗಲಿಲ್ಲ. ಬ್ಯಾಟರಿ ನೋಡಿದೆ, ಫ್ಯೂಸು ನೋಡಿದೆ. ಕೊನೆಗೆ ನಾಲ್ಕು ಜನರನ್ನು ಕರೆದು ಶೆಡ್ಡಿನ ಅಂಗಳದಲ್ಲಿ ಮೂರು ಸುತ್ತು ತಳ್ಳಿಸಿದೆ. ಜಗಲಿಯ ಮೇಲೆ ಕುಳಿತು ಪುಸ್ತಕ ತಿರುವುತ್ತಿದ್ದ ಗುಮಾಸ್ತೆ, “ಸಿದ್ದಣ್ಣ, ಕ್ಲಚ್ ಒತ್ಕೊಂಡು ಕೀ ತಿರುಗ್ಸ್ಬೇಕಂತೆ ಕಣಣ್ಣ, ಇಲ್ಲಿ ಬರ್ದವ್ರೆ” ಎಂದಳು. ಒತ್ತಿ ತಿರುಗಿಸಿದೆ. ಸ್ಟಾರ್ಟ್ ಆಯಿತು. ತಳ್ಳಿದ ನಾಲ್ವರಲ್ಲಿ ಪುಟ್ಟರಾಜುವೂ ಒಬ್ಬ. “ಮೂವತ್ನಾಲ್ಕ್ ವರ್ಸದ್ ಸರ್ವೀಸು, ಕ್ಲಚ್‌ಗೊಂದು ನಮಸ್ಕಾರ” ಎಂದು ಕೈ ಮುಗಿದ. ಎಲ್ಲರೂ ನಕ್ಕರು.

ಅದೇ ವಾರ ಶೋರೂಮಿನಿಂದ ಒಬ್ಬರು ಬಂದು, ಈ ಗಾಡಿಯನ್ನು ಹೇಗೆ ನೋಡಿಕೊಳ್ಳಬೇಕು ಎಂದು ನನಗೊಬ್ಬನಿಗೇ ಅರ್ಧ ಗಂಟೆ ಹೇಳಿದರು. ಅವರು ಹೇಳಿದ್ದರಲ್ಲಿ ಇದೂ ಇತ್ತು: ಓಡುವಾಗ ಎಂಜಿನ್ ಆಫ್ ಮಾಡಬೇಡಿ. ಈ ಗಾಡಿಯ ಬ್ರೇಕಿಗೂ ಸ್ಟೇರಿಂಗಿಗೂ ಎಂಜಿನ್ನಿನ ಬಲ ಬೇಕು. ಆಫ್ ಆದ ಮೇಲೆ ಬ್ರೇಕು ಎರಡು ಸಲ ಸಲೀಸಾಗಿ ಕೆಲಸ ಮಾಡುತ್ತದೆ, ಆಮೇಲೆ ಪೆಡಲು ಕಲ್ಲಾಗುತ್ತದೆ.

ನಾನು ಕೇಳಿಸಿಕೊಂಡೆ. ಅರ್ಥವೂ ಆಯಿತು. ಡ್ರೈವರುಗಳಿಗೆ ಹೇಳಲಿಲ್ಲ. ಅವರು ನಕ್ಕಿದ್ದು ಮನಸ್ಸಿನಲ್ಲಿತ್ತು. ಹೊಸ ಗಾಡಿಯ ಮಾತು ಎತ್ತಿದರೆ ಮತ್ತೆ ಕ್ಲಚ್ಚಿನ ಕಥೆ ತೆಗೆಯುತ್ತಾರೆ ಎಂದು ಸುಮ್ಮನಿದ್ದೆ. ಇದಕ್ಕಿಂತ ದೊಡ್ಡ ಕಾರಣ ಇರಲಿಲ್ಲ. ಇದ್ದಿದ್ದರೆ ಬರೆಯುತ್ತಿದ್ದೆ.

ನಮ್ಮ ಮೇಲಧಿಕಾರಿ ಇದ್ದರು. ಹೆಸರು ಬೇಡ, ಸಾಹೇಬರು ಎನ್ನುತ್ತೇನೆ. ಅವರು ಹೊಸ ಗಾಡಿಯನ್ನೂ ಹಲಗೆಗೆ ಸೇರಿಸಿದರು. “ಹೊಸ ಗಾಡಿ ಕೊಟ್ಟಿದೀವಿ ಪುಟ್ಟರಾಜು, ಮೈಲೇಜಲ್ಲಿ ಹಳೇದಕ್ಕಿಂತ ಮೇಲಿರಬೇಕು” ಎಂದರು.

ಆ ಗುರುವಾರ ಮಳವಳ್ಳಿಯ ಉಪಕಚೇರಿಯಲ್ಲಿದ್ದ ನಮ್ಮ ಕೊನೆಯ ಅಂಬಾಸಿಡರನ್ನು ಹರಾಜಿಗಾಗಿ ಮಂಡ್ಯಕ್ಕೆ ತರುತ್ತಿದ್ದೆ. ಹಳೆಯ ನೀರಿನ ಕೊಳವೆಯನ್ನು ನಾನು ಬದಲಾಯಿಸಿರಲಿಲ್ಲ. ಅದು ಒಡೆದು ಎಂಜಿನ್ ಕುದಿಯಿತು. ಇಳಿಜಾರು ಮುಗಿಸಿ, ಮೋರಿ ದಾಟಿ, ಕೆಂಪಯ್ಯನ ಅಂಗಡಿಯ ಮುಂದೆ ನಿಲ್ಲಿಸಿ ಬಾನೆಟ್ ಎತ್ತಿ ಇಟ್ಟೆ. ಕೆಂಪಯ್ಯ ಕೊಡದಲ್ಲಿ ನೀರು ತಂದು ಕೊಟ್ಟು, “ಇನ್ನೂ ಎಷ್ಟ್ ವರ್ಸ ಈ ಮುದ್ಕೀಗ್ ನೀರ್ ಕುಡ್ಸೀರಿ?” ಎಂದ. “ಇವತ್ತೇ ಕೊನೆ” ಎಂದೆ.

ಅದೇ ಹೊತ್ತಿಗೆ ಇಳಿಜಾರಿನ ನೆತ್ತಿಯಲ್ಲಿ ಹೊಸ ಸೆಡಾನ್ ಕಾಣಿಸಿತು. ಸಾಹೇಬರು ಮಳವಳ್ಳಿಯ ಸಭೆ ಮುಗಿಸಿ ವಾಪಸು ಬರುತ್ತಿದ್ದರು. ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅಂಬಾಸಿಡರಿನ ಎಂಜಿನ್ ಆಫ್ ಮಾಡಿದರೂ ಬಾಗಿಲು, ಹಿಂದಿನ ಡಿಕ್ಕಿಯ ಜಾಕಿ, ಎಲ್ಲ ಸೇರಿ ಗಾಡಿ ಬರುತ್ತಿದೆ ಎಂದು ಊರಿಗೆಲ್ಲ ಹೇಳುತ್ತಿದ್ದವು. ಇದು ಹಾಗಲ್ಲ. ಬೆಕ್ಕಿನ ಹಾಗೆ ಇಳಿಯುತ್ತಿತ್ತು.

ಕಾರಿನ ಎಡಕ್ಕೆ, ಅಂದರೆ ನಮ್ಮ ಅಂಗಡಿ ಇದ್ದ ಕಡೆಯೇ, ಜಯಮ್ಮ ಡೈರಿಗೆ ಹಾಲು ತೆಗೆದುಕೊಂಡು ನಮ್ಮತ್ತ ನಡೆದು ಬರುತ್ತಿದ್ದಳು. ಅವಳ ಬೆನ್ನು ಕಾರಿನ ಕಡೆಗಿತ್ತು. ಡಾಂಬರಿನ ಅಂಚಿನಿಂದ ಎರಡು ಹೆಜ್ಜೆ ಆಚೆ, ಮಣ್ಣಿನಲ್ಲಿ ನಡೆಯುತ್ತಿದ್ದಳು. ಕ್ಯಾನು ಎಡಗೈಯಲ್ಲಿತ್ತು. ಎದುರು ಬದಿಯ ಗದ್ದೆ ದಾರಿಯಿಂದ ಕಬ್ಬು ತುಂಬಿದ ಟ್ರಾಕ್ಟರೊಂದು ರಸ್ತೆಗೆ ಏರಿತು. ಪುಟ್ಟರಾಜು ಬ್ರೇಕು ಒತ್ತಿದ. ಕಾರಿನ ಮೂತಿ ಬಗ್ಗಿದ್ದು ಕಂಡಿತು. ಬಿಟ್ಟ. ಮತ್ತೆ ಒತ್ತಿದ, ಮತ್ತೆ ಬಗ್ಗಿತು. ಬಿಟ್ಟ. ಮೂರನೆಯ ಸಲ ಒತ್ತಿದಾಗ ಮೂತಿ ಬಗ್ಗಲಿಲ್ಲ. ಅವನು ಸೀಟಿನಿಂದ ಅರ್ಧ ಎದ್ದು ಪೆಡಲಿನ ಮೇಲೆ ನಿಂತದ್ದನ್ನು ನಾನು ಗಾಜಿನೊಳಗಿಂದ ನೋಡಿದೆ. ಟ್ರಾಕ್ಟರನ್ನು ತಪ್ಪಿಸಲು ಸ್ಟೇರಿಂಗನ್ನು ಎರಡೂ ಕೈಯಿಂದ ಎಡಕ್ಕೆ ಎಳೆದ. ಎಳೆದದ್ದನ್ನು ವಾಪಸು ತರಲು ಅವನಿಂದ ಆಗಲಿಲ್ಲ.

ಕಾರಿನ ಮೂಲೆ ಜಯಮ್ಮನ ಬಲಗಾಲಿಗೆ ತಗುಲಿತು. ಕಾರು ಮುಂದೆ ಹೋಗಿ ಮೋರಿಯ ಕಟ್ಟೆಗೆ ಒರಗಿ ನಿಂತಿತು. ಬಂಪರು ಒಡೆಯಿತು. ಟ್ರಾಕ್ಟರಿನವನು ನಿಲ್ಲಿಸದೆ ಹೋದ. ಹಾಲು ಚೆಲ್ಲಿದ್ದು ಮಣ್ಣಿನ ಮೇಲೆ. ಡಾಂಬರಿನ ಮೇಲೆ ಒಂದು ಹನಿಯೂ ಇರಲಿಲ್ಲ. ಇದನ್ನು ಬಗ್ಗಿ ನೋಡಿದ್ದೇನೆ.

ನಾನೂ ಕೆಂಪಯ್ಯನೂ ಓಡಿದೆವು. ಜಯಮ್ಮನಿಗೆ ಎಚ್ಚರವಿತ್ತು. “ಸದ್ದೇ ಬರ್ಲಿಲ್ವಲ್ಲಣ್ಣ… ಓರ್ದಲ್ಲೇ ಓಯ್ತಿದ್ನಲ್ಲಣ್ಣ…” ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದಳು. ಕಾರನ್ನು ಬಂದ್ ಮಾಡೋಣ ಎಂದು ಕಿಟಕಿಯೊಳಗೆ ಕೈ ಹಾಕಿದೆ. ಕೀ ಆಗಲೇ ಆಫ್‌ನಲ್ಲಿತ್ತು. ಪುಟ್ಟರಾಜು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ಅಂಬಾಸಿಡರ್ ಕುದಿಯುತ್ತಿತ್ತು. ಬೇರೆ ಗಾಡಿ ಇರಲಿಲ್ಲ. ಪುಟ್ಟರಾಜುವನ್ನು ಇಳಿಸಿ, ನಾನೇ ಸೆಡಾನಿನಲ್ಲಿ ಕುಳಿತು, ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿದೆ. ಬ್ರೇಕು ಒತ್ತಿ ನೋಡಿದೆ. ಮೆತ್ತಗೆ, ಸರಿಯಾಗಿ ಹಿಡಿಯಿತು. ಹಣೆ ತರಚಿದ್ದ ಸಾಹೇಬರನ್ನು ಅಂಗಡಿಯ ಬೆಂಚಿನ ಮೇಲೆ ಕೂರಿಸಿ, ಜಯಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಕೆಂಪಯ್ಯ ಅವಳ ಕಾಲು ಹಿಡಿದುಕೊಂಡು, ಅದೇ ಕಾರಿನಲ್ಲಿ ಮಳವಳ್ಳಿಯ ಆಸ್ಪತ್ರೆಗೆ ಹೋದೆವು. ಹಳ್ಳದಲ್ಲಿ, ತಿರುವಿನಲ್ಲಿ, ಬಸ್‌ಸ್ಟ್ಯಾಂಡಿನ ಜನದ ನಡುವೆ, ಎಲ್ಲ ಕಡೆಯೂ ಬ್ರೇಕು ಒತ್ತಿದ್ದೇನೆ. ಎಲ್ಲ ಸಲವೂ ಹಿಡಿದಿದೆ. ಬ್ರೇಕು ಫೇಲಾದ ಗಾಡಿಯಲ್ಲಿ ಕಾಲು ಮುರಿದ ಹೆಂಗಸನ್ನು ಕೂರಿಸಿಕೊಂಡು ಐದು ಮೈಲಿ ಹೋಗುವಷ್ಟು ಬುದ್ಧಿಗೇಡಿ ನಾನಲ್ಲ.

ಮರುದಿನ ತಪಾಸಣಾ ವರದಿ ಬರೆಯಬೇಕಾದವನು ನಾನು. ಬೆಳಗ್ಗೆ ಪುಟ್ಟರಾಜು ಶೆಡ್ಡಿಗೆ ಬಂದ. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ ಎಂದು ನೋಡಿದರೇ ಗೊತ್ತಾಗುತ್ತಿತ್ತು.

“ಸಿದ್ದಣ್ಣ, ಬ್ರೇಕ್ ಫೇಲ್ ಅಂತ ಬರ್ದ್ಬುಡಣ್ಣ. ಕಬ್ಣುಕ್ಕೇನ್ ಮಾನ ಓಯ್ತದಾ?”

“ಕಬ್ಣುಕ್ ಓಗಲ್ಲ ಕಣ್ಲಾ. ಬ್ರೇಕ್ ಫೇಲ್ ಅಂದ್ರೆ ಎಡಕ್ಯಾಕ್ ಬಂತು ಅಂತಾರೆ. ಅದುಕ್ಕೆ ಆ ಎಂಗ್ಸೇ ಅಡ್ಡ ಬಂದ್ಲು ಅಂತ ಬರೀತಾರೆ. ಒಂದ್ ಸುಳ್ಳು ಇನ್ನೊಂದ್ ಸುಳ್ನ ಕರ್ಕೊಂಡೇ ಬತ್ತದೆ.”

ಅವನು ಹೇಳಿದ: “ಮ್ಯಾಲಿಂದ ನಿನ್ ಗಾಡಿ ಕಾಣುಸ್ತು. ಹೊಸ್ ಗಾಡಿ ಎಂಗ್ ಗಾಳಿ ಮ್ಯಾಲ್ ಬತ್ತದೆ ಅಂತ ನಿಂಗೆ ತೋರ್ಸನ ಅಂತ ಆಫ್ ಮಾಡ್ದೆ ಕಣಣ್ಣ.”

ನಾನು ಕಾಗದ ಎಳೆದುಕೊಂಡು ಬರೆಯಲು ಕುಳಿತೆ.

ವರದಿಯಲ್ಲಿ ನಾನು ಬರೆದದ್ದು ಇಷ್ಟು: “ವಾಹನದ ಬ್ರೇಕು ಸುಸ್ಥಿತಿಯಲ್ಲಿದೆ. ಘಟನೆಯ ಸಮಯದಲ್ಲಿ ಎಂಜಿನ್ ಬಂದ್ ಆಗಿತ್ತು. ಮಹಿಳೆ ಡಾಂಬರಿನ ಹೊರಗೆ ಮಣ್ಣಿನ ಮೇಲೆ ನಡೆಯುತ್ತಿದ್ದರು. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವುದನ್ನು ಚಾಲಕರಿಗೆ ಕಲಿಸಿದವನು ನಾನು. ಹೊಸ ವಾಹನದಲ್ಲಿ ಅದು ಕೂಡದು ಎಂದು ಗೊತ್ತಿದ್ದೂ ಹೇಳದೆ ಇದ್ದವನೂ ನಾನು. ಮೈಲೇಜಿನ ಹಲಗೆಯನ್ನು ತೆಗೆಯಬೇಕು.” ಪುಟ್ಟರಾಜುವನ್ನು ಕೆಲಸದಿಂದ ತೆಗೆಯಬೇಕೆಂದು ನಾನು ಬರೆಯಲಿಲ್ಲ.

ಹಣೆಗೆ ಪ್ಲಾಸ್ಟರ್ ಹಾಕಿಕೊಂಡಿದ್ದ ಸಾಹೇಬರು ಅದನ್ನು ಎರಡು ಸಲ ಓದಿದರು.

“ಏನ್ರೀ ಇದು? ಹಲಗೆಗೆ ಹೊಸ ಗಾಡಿ ಸೇರಿಸಿದ್ದು ನಾನು. ಅಂದ್ರೆ ನನ್ನ ಮೇಲೂ ಬರೀತಿದೀರಾ?”

“ಮೊದ್ಲು ನನ್ ಮೇಲೆ ಬರ್ದಿದೀನಿ ಸಾರ್.”

“ಇನ್ನು ಮೂರು ವಾರಕ್ಕೆ ಮನೆಗೆ ಹೋಗೋರು ನೀವು. ಎಲ್ಲರಿಗೂ ಒಳ್ಳೇದಾಗೋ ಹಾಗೆ ಇನ್ನೊಂದು ಬರೆದುಕೊಡಿ.”

“ಎಲ್ರಿಗೂ ಅಂದ್ರೆ ಆ ಯಮ್ಮನೂ ಸೇರಿದ್ರೆ ಬರೀತೀನಿ ಸಾರ್.”

ಬರೆಯಲಿಲ್ಲ. ನಾಲ್ಕು ಸಲ ಕರೆಸಿದರು, ನಾಲ್ಕು ಸಲವೂ ಅದೇ ಉತ್ತರ ಕೊಟ್ಟೆ. ಕೊನೆಗೆ ಬೇರೆ ಊರಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ, ಅವರ ಕೈಯಲ್ಲಿ ಬೇರೆ ವರದಿ ಬರೆಸಿದರು. ಅವರು ಆ ಸಂಜೆ ಅಲ್ಲಿರಲಿಲ್ಲ. ಕಡತದಲ್ಲಿ ಇರುವುದು ಅದೇ. ನನ್ನ ಕೊನೆಯ ದಿನ ಶಾಲಿಲ್ಲ, ಹಾರವಿಲ್ಲ, ಫೋಟೋ ಇಲ್ಲ. ಗೇಟಿನ ಕಾವಲುಗಾರ ಕೈ ಎತ್ತಿದ, ನಾನೂ ಎತ್ತಿ ಬಸ್ಸು ಹತ್ತಿ ಕೊಪ್ಪಕ್ಕೆ ಬಂದೆ. ಅದರ ಬಗ್ಗೆ ಬೇಜಾರಿಲ್ಲ. ಹಲಗೆ ಇನ್ನೂ ಗೋಡೆಯ ಮೇಲಿದೆ ಎಂದು ಕೇಳಿದ್ದೇನೆ, ಅದರ ಬಗ್ಗೆ ಇದೆ.

ಹೊಸದಾಗಿ ಬರುವವರೇ, ಹಳೆಯ ಗಾಡಿ ಒಳ್ಳೆಯದೋ ಹೊಸದೋ ಎಂದು ನನ್ನನ್ನು ಬಹಳ ಜನ ಕೇಳುತ್ತಾರೆ. ಹೊಸದೇ ಒಳ್ಳೆಯದು. ಎಂಜಿನ್ ಓಡುತ್ತಿದ್ದಿದ್ದರೆ ಆ ಸೆಡಾನ್ ಟ್ರಾಕ್ಟರಿಗೆ ಬಹಳ ದೂರದಲ್ಲೇ ನಿಲ್ಲುತ್ತಿತ್ತು. ನಮ್ಮ ಅಂಬಾಸಿಡರ್ ಅಷ್ಟು ಬೇಗ ನಿಲ್ಲುತ್ತಿರಲಿಲ್ಲ. ಹಳೆಯ ಕೈಯನ್ನು ಹೊಸ ಗಾಡಿಯ ಮೇಲೆ ಇಟ್ಟದ್ದು ನಾವು. ನಿಮ್ಮ ಮೇಸ್ತ್ರಿ ಕಲಿಸಿದ್ದನ್ನು ಗೌರವದಿಂದ ಕಲಿಯಿರಿ, ಆದರೆ ಗಾಡಿ ಬದಲಾದ ದಿನ ಅವರನ್ನೇ ನಿಲ್ಲಿಸಿ ಕೇಳಿ: ಇದು ಈ ಗಾಡಿಗೂ ಸರಿಯೇ? ಅವರಿಗೆ ಸಿಟ್ಟು ಬಂದರೂ ಕೇಳಿ.

ಹೋದ ತಿಂಗಳು ಜಯಮ್ಮನ ಊರಿಗೆ ಹೋಗಿದ್ದೆ. ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದಳು. ಕಾಲು ಪೂರ್ತಿ ಸರಿಹೋಗಿಲ್ಲ. ನಾನು ಮಾತನಾಡಿಸುವಷ್ಟರಲ್ಲಿ ಸಾಲಿನ ಹಿಂದಿನಿಂದ ಒಬ್ಬ, “ದಾರಿ ಬುಡ್ರಪ್ಪೋ, ಕಾರ್ಗೇ ಅಡ್ಡ ಓದೋಳು, ನಮ್ಗೆ ಬುಟ್ಟಾಳಾ!” ಎಂದ. ನಾಲ್ಕೈದು ಜನ ನಕ್ಕರು. ಜಯಮ್ಮ ತಿರುಗಿ ನೋಡಲಿಲ್ಲ. ಹಾಲು ಹಾಕಿ ಬಂದು ನನ್ನ ಹತ್ತಿರ ಹೇಳಿದಳು:

“ಕಾಲು ಓದ್ರೆ ಓಗ್ಲಿ ಕಣಣ್ಣ. ಆ ಮಾತೊಂದ ಬುಡ್ಸಿ. ನನ್ ಸೊಸೆನೂ ಅದ್ನೇ ಅಂತಾಳೆ.”

ಅದಕ್ಕೇ ಇದನ್ನು ಬರೆದೆ. ಅಚ್ಚಿಗೆ ಕೊಡುವ ಮೊದಲು ಪುಟ್ಟರಾಜುವಿಗೆ ಓದಿ ಹೇಳುವುದು ನ್ಯಾಯ ಎಂದು ಮದ್ದೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಅವನನ್ನು ಹಿಡಿದೆ. ಎರಡು ವರ್ಷದಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದವನು ಇಲಾಖೆಯ ಗಾಡಿಯ ಪಕ್ಕದಲ್ಲಿ ನಿಂತು ಪೂರ್ತಿ ಕೇಳಿದ. ಓದಿ ಮುಗಿಸಿದ ಮೇಲೂ ಗಾಜು ಒರೆಸುತ್ತಲೇ ಇದ್ದ.

“ಇದ್ ಬಂದ್ರೆ ನನ್ ಕೆಲ್ಸುಕ್ಕೆ ಏನಾದ್ರೂ ಆಯ್ತದಾ?”

“ಆಗ್ಬೌದು. ಗೊತ್ತಿಲ್ಲ. ನಿನ್ ಎಸ್ರು ತೆಗೀಬೇಕು ಅಂದ್ರೆ ತೆಗೀತೀನಿ. ಜಯಮ್ಮುಂದ್ ಮಾತ್ರ ತೆಗ್ಯಲ್ಲ.”

ಒರೆಸುತ್ತಿದ್ದ ಬಟ್ಟೆಯನ್ನು ಬಾನೆಟ್ ಮೇಲೆ ಇಟ್ಟ. ಆಮೇಲೆ, “ಆ ಯಮ್ಮ ಅಡ್ಡ ಬರ್ಲಿಲ್ಲ ಕಣಣ್ಣ. ನೋಡ್ದೋರಲ್ಲಿ ನನ್ ಎಸ್ರೂ ಆಕ್ಕೊ” ಎಂದ.

ಹಾಕಿದ್ದೇನೆ. ಆ ಸಂಜೆ ಅಲ್ಲಿ ನಡೆದದ್ದನ್ನು ನನ್ನ ಜೊತೆ ಕಂಡವರು, ಇವತ್ತು ಬದುಕಿರುವವರು ಇವರು. ಕೆಂಪಯ್ಯ: ಅದೇ ಮೋರಿಯ ಪಕ್ಕದಲ್ಲಿ ಅವನ ಟೀ ಅಂಗಡಿ ಈಗಲೂ ಇದೆ, ಹೋದವರಿಗೆ ಜಾಗ ತೋರಿಸುತ್ತಾನೆ. ಜಯಮ್ಮ: ಸಂಜೆ ಐದಕ್ಕೆ ಡೈರಿಯ ಮುಂದೆ ಸಿಗುತ್ತಾಳೆ. ಸಾಹೇಬರೂ ಬದುಕಿದ್ದಾರೆ, ಆದರೆ ಅವರು ಹಿಂದಿನ ಸೀಟಿನಲ್ಲಿ ಫೋನು ನೋಡುತ್ತಿದ್ದರು. ಆದ್ದರಿಂದ ಕಂಡವರ ಜೊತೆ ಅವರನ್ನು ಸೇರಿಸುವುದಿಲ್ಲ. ಮೂರನೆಯವನು ಡ್ರೈವರ್ ಪುಟ್ಟರಾಜು, ಕಾರು ನಡೆಸುತ್ತಿದ್ದವನು.